ಕಡಿಮೆಯಾದವರು ಎಲ್ಲಿ ಹೋದರು? ಜತ್ತ ಸಂಸ್ಥಾನದ ಒಂದು ಅಂಕಿ

ಇವತ್ತು ಒಂದೇ ಒಂದು ಅಂಕಿ ಹಿಡಿದು ಮಾತಾಡ್ತೀನಿ. ಈಗ ಸಾಂಗಲಿ ಜಿಲ್ಲೆಯ ತಾಲೂಕಾಗಿರುವ ಜತ್ತ ಆಗ ಡಫಳೆ ಮನೆತನದ ಸಂಸ್ಥಾನ. 1901ರ ಖಾನೇಸುಮಾರಿಯಲ್ಲಿ ಡಫಳಾಪುರವೂ ಸೇರಿ ಅಲ್ಲಿದ್ದವರು 68,665 ಜನ. ಹತ್ತು ವರ್ಷದಲ್ಲಿ ನೂರಕ್ಕೆ 14ರಷ್ಟು ಇಳಿಕೆ. ಆ ದಶಕದಲ್ಲೇ 1896–97ರ ಬರ, 1899–1900ರ ಬರ, ಜೊತೆಗೆ ಪ್ಲೇಗು ಮುಂಬಯಿ ಪ್ರಾಂತ್ಯವನ್ನು ಕಾಡಿದ್ದವು.

ಹಾಗಾದರೆ ಜತ್ತದ ಜನ ತಮ್ಮ ಸಂತತಿ ಉಳಿಸಿಕೊಳ್ಳಲಾರದೆ ಹೋದರೇ? ಮೊದಲ ಕರಡಿನಲ್ಲಿ ನಾನು ಹಾಗೇ ಬರೆದಿದ್ದೆ. ಅದು ತಪ್ಪು.

ಒಂದು ಜನಸಮುದಾಯ ತನ್ನನ್ನು ತಾನು ಮರುಸೃಷ್ಟಿಸಿಕೊಳ್ಳುತ್ತದೆಯೇ ಎಂಬುದನ್ನು ಅಳೆಯಲು ನಿವ್ವಳ ಪುನರುತ್ಪಾದನಾ ದರ ಇದೆ. ಬರ್ಲಿನ್ನಿನಲ್ಲಿ ರಿಚರ್ಡ್ ಬ್ಯೋಕ್ 19ನೇ ಶತಮಾನದಲ್ಲೇ ಈ ಲೆಕ್ಕ ಮಾಡಿದ್ದರು. 1928ರಿಂದ ರಾಬರ್ಟ್ ಕುಚಿನ್ಸ್ಕಿ ಅದನ್ನು ಎಲ್ಲರಿಗೂ ಪರಿಚಯಿಸಿದರು. ಪ್ರಶ್ನೆ ಸರಳ: ಒಬ್ಬ ತಾಯಿಯ ಜಾಗಕ್ಕೆ, ತಾಯಾಗುವ ವಯಸ್ಸಿನವರೆಗೆ ಬದುಕುವ ಹೆಣ್ಣುಮಕ್ಕಳು ಎಷ್ಟು?

ತಿಳಿಯಲೆಂದು ಒಂದು ಲೆಕ್ಕ ಇಟ್ಟುಕೊಳ್ಳೋಣ. ನೂರು ತಾಯಂದಿರಿಗೆ 250 ಹೆಣ್ಣುಮಕ್ಕಳು ಹುಟ್ಟಿದರು. ಅವರಲ್ಲಿ 110 ಮಂದಿ ತಾಯಿಯ ವಯಸ್ಸು ಮುಟ್ಟಿದರೆ ದರ 1.1, ಅಂದರೆ ಸಮುದಾಯ ಬೆಳೀತದ. 80 ಮಂದಿ ಮಾತ್ರ ಮುಟ್ಟಿದರೆ 0.8, ಕುಗ್ಗತದ. ಹೆರಿಗೆ ಅಷ್ಟೇ, ಬದಲಾದದ್ದು ಸಾವು.

ಈ ಅಳತೆಯನ್ನು ಬರದ ಒಂದು ವರ್ಷಕ್ಕೆ ಹಚ್ಚಿದರೆ ಮೋಸ ಹೋಗ್ತೀವಿ. ಬರದಲ್ಲಿ ಮಕ್ಕಳು, ಮುದುಕರು ಹೆಚ್ಚು ಸಾಯುತ್ತಾರೆ. ಗರ್ಭ ನಿಲ್ಲುವುದೂ ಕಡಿಮೆ. ಆದರೆ ಹೆರುವ ವಯಸ್ಸಿನ ಹೆಂಗಸರು ಹೆಚ್ಚಾಗಿ ಉಳಿಯುವುದರಿಂದ ಮಳೆ ಬಂದ ಮೇಲೆ ತೊಟ್ಟಿಲುಗಳು ಮತ್ತೆ ತುಂಬುತ್ತವೆ. ಒಂದು ಕೆಟ್ಟ ವರ್ಷದ ದರವನ್ನು ಒಂದು ತಲೆಮಾರಿನ ಹಣೆಬರಹ ಅಂತ ಓದಬಾರದು.

ಇನ್ನೂ ಎರಡು ತೊಡಕು. ಮೊದಲನೆಯದು ವಯಸ್ಸು. ನಮ್ಮಜ್ಜಿಯನ್ನು ಕೇಳಿದರೆ "ದೊಡ್ಡ ಬರ ಬಿದ್ದಾಗ ನಾ ತೊಟ್ಟಿಲದಾಗ ಇದ್ದೆ" ಅಂತಿದ್ದಳು, ವರ್ಷ ಹೇಳುತ್ತಿರಲಿಲ್ಲ. ಇಂಥ ಉತ್ತರಗಳು ಖಾನೇಸುಮಾರಿಯಲ್ಲಿ 30, 40, 50 ಎಂಬ ದುಂಡು ವಯಸ್ಸುಗಳಾಗಿ ರಾಶಿ ಬೀಳುತ್ತವೆ. ಎರಡನೆಯದು ಗುಳೆ. ನಿವ್ವಳ ದರ ಹುಟ್ಟು-ಸಾವುಗಳನ್ನಷ್ಟೇ ಎಣಿಸುತ್ತದೆ. ಖಾನೇಸುಮಾರಿಯ ಇಳಿಕೆಯಲ್ಲಿ ಮಾತ್ರ ಸತ್ತವರು, ಹುಟ್ಟದವರು, ದನ ಹೊಡ್ಕೊಂಡು ನೀರಿದ್ದ ಸೀಮೆಗೆ ಹೋದವರು ಮೂವರೂ ಒಂದೇ ಸಾಲಿನಲ್ಲಿ ಕೂತಿದ್ದಾರೆ.

ಹಾಗಾಗಿ ನನ್ನ ವಾದ ಇಷ್ಟು: ಆ 14ನ್ನು ಬಿಡಿಸದೆ ಜತ್ತದ ತಾಯಂದಿರ ಬಗ್ಗೆ ತೀರ್ಪು ಕೊಡುವ ಹಕ್ಕು ನಮಗಿಲ್ಲ. ಗುಳೆ ಹೋದವಳನ್ನು ಸತ್ತವಳ ಲೆಕ್ಕಕ್ಕೆ ಸೇರಿಸಿದರೆ, ಇನ್ನೊಂದು ಊರಿನಲ್ಲಿ ಅವಳು ಹೆತ್ತ ಮಗಳನ್ನೂ ನಾವು ಇತಿಹಾಸದಿಂದ ಅಳಿಸಿದಂತಾಗುತ್ತದೆ.

ಪ್ರಶ್ನೆಗಳಿದ್ದರೆ ಕೇಳ್ರಿ.