ಡಿಜಿಟಲ್ ನಿವಾಸಿತ್ವ

ಒಂದು ದೇಶದಲ್ಲಿ ನೆಲೆಸದೆಯೇ ಅದರ ಆನ್‌ಲೈನ್ ಸರ್ಕಾರಿ ಸೇವೆಗಳನ್ನು ಬಳಸಲು ವಿದೇಶಿಯರಿಗೆ ದೊರೆಯುವ ಗುರುತು. ಎಸ್ಟೋನಿಯ ಇದನ್ನು 2014ರ ಡಿಸೆಂಬರ್‌ನಲ್ಲಿ ಮೊದಲು ಆರಂಭಿಸಿತು. ಇದರಿಂದ ಕಂಪನಿ ನೋಂದಾಯಿಸಬಹುದು, ದಾಖಲೆಗಳಿಗೆ ಡಿಜಿಟಲ್ ಸಹಿ ಹಾಕಬಹುದು. ಆದರೆ ವೀಸಾ, ಪೌರತ್ವ, ವಾಸದ ಹಕ್ಕು, ತೆರಿಗೆ ನಿವಾಸ ಇವ್ಯಾವುವೂ ಸಿಗುವುದಿಲ್ಲ.

ನಾಸಿಕ್‌ನಲ್ಲೋ ಛತ್ರಪತಿ ಸಂಭಾಜಿನಗರದಲ್ಲೋ (2023ರವರೆಗೆ ಔರಂಗಾಬಾದ್) ಕುಳಿತು ವಿದೇಶಿ ಗ್ರಾಹಕರಿಗೆ ದುಡಿಯುವವರಿಗೆ ಈ ಮಿತಿಯೇ ನಿರ್ಣಾಯಕ. ವರ್ಷದಲ್ಲಿ 182 ದಿನ ಭಾರತದಲ್ಲಿದ್ದವರು ಇಲ್ಲಿನ ತೆರಿಗೆ ನಿವಾಸಿಗಳು. ಸಾಮಾನ್ಯವಾಗಿ ಅವರ ಜಾಗತಿಕ ಆದಾಯಕ್ಕೂ ಇಲ್ಲೇ ತೆರಿಗೆ. ಎಸ್ಟೋನಿಯದ ಕಂಪನಿಯಲ್ಲಿ ಹಣ ಹೂಡಲು ಭಾರತದ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (ಫೆಮಾ) ನಿಯಮಗಳನ್ನೂ ಪಾಲಿಸಬೇಕು. ಒಬ್ಬರೇ ದುಡಿಯುವ ಪ್ರೋಗ್ರಾಮರ್‌ಗೆ ಇದು ಬೇಡದ ಹೊರೆ. ಭಾರತದಲ್ಲೇ ವ್ಯವಹಾರ ನಡೆಸಿ, ಸೇವಾ ರಫ್ತಿಗೆ ಜಿಎಸ್‌ಟಿಯಲ್ಲಿರುವ ಶೂನ್ಯ ದರವನ್ನು ಬಳಸಿಕೊಳ್ಳುವುದು ಎಷ್ಟೋ ಸರಳ. ಐರೋಪ್ಯ ಒಕ್ಕೂಟದ ಕಂಪನಿಯೇ ಬೇಕೆನ್ನುವ ಗ್ರಾಹಕರಿದ್ದರೆ ಮಾತು ಬೇರೆ. ಅಲ್ಲಿಗೇ ಹೋಗಿ ದುಡಿಯಬಯಸುವವರಿಗಾಗಿ ಎಸ್ಟೋನಿಯ 2020ರಲ್ಲಿ ಪ್ರತ್ಯೇಕ ಡಿಜಿಟಲ್ ನೊಮ್ಯಾಡ್ ವೀಸಾ ತಂದಿತು.