ಚೌಕಾಬಾರ ಮತ್ತು ಮೊಬೈಲ್ ಮಣೆಯಾಟಗಳು (ಹಾಸನ ಜಿಲ್ಲೆ)

ನೆಲದ ಮೇಲೆ, ಹಲಗೆಯ ಮೇಲೆ ಅಥವಾ ಬಟ್ಟೆಯ ಮೇಲೆ ಬರೆದ ಮನೆಗಳಲ್ಲಿ ಕಾಯಿ ನಡೆಸಿ ಆಡುವ ಆಟಗಳನ್ನು ಮಣೆಯಾಟಗಳೆಂದು ಕರೆಯಬಹುದು. ಅವನ್ನೇ ಮೊಬೈಲ್ ಫೋನ್ ಇಲ್ಲವೆ ಟ್ಯಾಬ್ಲೆಟ್‌ನ ಪರದೆಯ ಮೇಲೆ, ಎದುರಿಗಿರುವ ಅಥವಾ ದೂರದಲ್ಲಿರುವ ಬಂಧುಮಿತ್ರರೊಡನೆ ಆಡುವುದು ಮೊಬೈಲ್ ಮಣೆಯಾಟ. ಹಳೆಯ ಮೈಸೂರು ಸೀಮೆಗೆ ಸೇರಿದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ, ಪಗಡೆ ಮೊದಲಾದವು ಜಗಲಿಯ ಮತ್ತು ನಡುಮನೆಯ ಆಟಗಳಾಗಿದ್ದವು. ಓದು, ಉದ್ಯೋಗಗಳಿಗಾಗಿ ಮಕ್ಕಳು ಬೆಂಗಳೂರು, ಮೈಸೂರುಗಳಿಗೆ ತೆರಳಿ, ಎಲ್ಲರೂ ಒಂದೇ ಮಣೆಯ ಸುತ್ತ ಕೂರುವುದು ಹಬ್ಬ ಮತ್ತು ರಜೆಗಳಿಗೆ ಸೀಮಿತವಾದ ಮೇಲೆ ಆ ಸ್ಥಾನವನ್ನು ಪರದೆ ತುಂಬತೊಡಗಿತು. ಆದರೆ ಅದರಲ್ಲಿ ಮುಂದೆ ನಿಂತದ್ದು ಲೂಡೊ, ಚೌಕಾಬಾರವಲ್ಲ. ಪರದೆಗೆ ಬಂದ ಚೌಕಾಬಾರದಲ್ಲಿಯೂ ಕವಡೆಯ ಗರ ಮತ್ತು ಮನೆಮನೆಯ ಪದ್ಧತಿ ಎಂಬ ಎರಡು ಮುಖ್ಯ ಸಂಗತಿಗಳು ಬದಲಾಗುತ್ತವೆ.

ನೆಲದ ಮೇಲಿನ ಆಟಗಳು

ಚೌಕಾಬಾರವನ್ನು ಕನ್ನಡ ನಾಡಿನ ಬೇರೆ ಬೇರೆ ಭಾಗಗಳಲ್ಲಿ ಕಟ್ಟೆಮನೆ, ಗಟ್ಟಾಮನೆ, ಚಕ್ಕಾ ಎಂದೂ, ತೆಲುಗು ನಾಡಿನಲ್ಲಿ ಅಷ್ಟಾಚಮ್ಮ ಎಂದೂ, ತಮಿಳು ನಾಡಿನಲ್ಲಿ ದಾಯಂ ಎಂದೂ ಕರೆಯುತ್ತಾರೆ. ಐದು ಸಾಲು, ಐದು ಕಂಬಗಳ 25 ಮನೆಗಳ ಚೌಕವೇ ಇದರ ಮಣೆ. ಸೀಮೆಸುಣ್ಣವೋ ಇದ್ದಿಲೋ ಇಟ್ಟಿಗೆಯ ಚೂರೋ ಸಿಕ್ಕರೆ ಒಂದು ನಿಮಿಷದಲ್ಲಿ ಮಣೆ ಸಿದ್ಧವಾಗುತ್ತದೆ. ಹೊರಸುತ್ತಿನ ನಾಲ್ಕು ಬದಿಗಳ ನಡುಮನೆಗಳಿಗೂ ನಟ್ಟನಡುವಿನ ಮನೆಗೂ ಅಡ್ಡಗೆರೆ ಎಳೆದು ಗುರುತು ಮಾಡುತ್ತಾರೆ. ಈ ಐದು ಮನೆಗಳಲ್ಲಿರುವ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ನಾಲ್ವರು ಆಟಗಾರರಿಗೆ ತಲಾ ನಾಲ್ಕು ಕಾಯಿ. ಬಳೆಚೂರು, ಹುಣಸೆಬೀಜ, ಬೆಣಚುಕಲ್ಲು, ಕಡ್ಡಿಯ ತುಂಡು, ಹೀಗೆ ಒಬ್ಬರದು ಇನ್ನೊಬ್ಬರದರಿಂದ ಬೇರೆಯಾಗಿ ಕಂಡರೆ ಸಾಕು.

ಗರ ಹಾಕಲು ನಾಲ್ಕು ಕವಡೆ ಬೇಕು. ಕವಡೆ ಇಲ್ಲದಿದ್ದರೆ ಹುಣಸೆಬೀಜದ ಒಂದು ಮೈಯನ್ನು ಕಲ್ಲಿನ ಮೇಲೆ ಉಜ್ಜಿ ಬಿಳಿಯಾಗಿಸಿಕೊಂಡರೂ ನಡೆಯುತ್ತದೆ. ಬಾಯಿ ಮೇಲಾಗಿ ಬಿದ್ದ ಕವಡೆಗಳ ಸಂಖ್ಯೆಯೇ ಗರ. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಮಗುಚಿ ಬಿದ್ದರೆ ಬಾರ, ಅಂದರೆ ಎಂಟು. ಚೌಕವೋ ಬಾರವೋ ಬಿದ್ದವರಿಗೆ ಇನ್ನೊಮ್ಮೆ ಹಾಕುವ ಹಕ್ಕು ಉಂಟು. ಆಟಕ್ಕೆ ಹೆಸರು ಬಂದದ್ದೂ ಈ ಎರಡು ಗರಗಳಿಂದಲೇ.

ಕಾಯಿಯು ತನ್ನ ಮನೆಯಿಂದ ಹೊರಟು ಹೊರಸುತ್ತಿನಲ್ಲಿ ಅಪ್ರದಕ್ಷಿಣವಾಗಿ ನಡೆದು, ಒಳಸುತ್ತಿನ ಎಂಟು ಮನೆಗಳನ್ನು ಪ್ರದಕ್ಷಿಣವಾಗಿ ದಾಟಿ, ನಡುಮನೆಯನ್ನು ಸೇರಿದರೆ ‘ಹಣ್ಣಾಯಿತು’ ಎನ್ನುತ್ತಾರೆ. ಒಟ್ಟು ದಾರಿ 24 ಹೆಜ್ಜೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಈ ನಿಯಮವೇ ಚೌಕಾಬಾರದ ಜೀವ. ಯಾರ ತಂಟೆಗೂ ಹೋಗದೆ ತನ್ನಷ್ಟಕ್ಕೆ ಮನೆ ಸೇರುವ ದಾರಿ ಇದರಲ್ಲಿಲ್ಲ. ಸಾಮಾನ್ಯ ಲೂಡೊದಲ್ಲಿ ಅದು ಉಂಟು.

ಉಳಿದ ಆಟಗಳಲ್ಲಿ ಅಳಗುಳಿಮಣೆ ಏಳೇಳು ಗುಳಿಗಳ ಎರಡು ಸಾಲಿನದು. ತುಳುನಾಡಿನಲ್ಲಿ ಇದೇ ಚೆನ್ನೆಮಣೆ. ಹುಲಿ-ಕುರಿಯ ಒಂದು ಪ್ರಸಿದ್ಧ ರೂಪದಲ್ಲಿ 3 ಹುಲಿಗಳಿಗೆ ಎದುರಾಗಿ 15 ಕುರಿಗಳಿರುತ್ತವೆ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ, ಕುರಿಗಳು ಸುತ್ತುವರಿದು ಹುಲಿಯನ್ನು ಕಟ್ಟುತ್ತವೆ. ಸಾಲುಮನೆಯಲ್ಲಿ ಇಬ್ಬರಿಗೂ ಒಂಬತ್ತೊಂಬತ್ತು ಕಾಯಿ. ಪಗಡೆಯನ್ನು ಶಿವರಾತ್ರಿಯ ಜಾಗರಣೆಯಲ್ಲಿ ಆಡುವ ವಾಡಿಕೆ ಈಗಲೂ ಅಲ್ಲಲ್ಲಿ ಉಳಿದಿದೆ.

ಇಂತಹ ಆಟಗಳ ಪ್ರಾಚೀನತೆಗೆ ಹಂಪಿಯ ಗುಡಿಮಂಟಪಗಳ ಹಾಸುಗಲ್ಲುಗಳಲ್ಲಿ ಕೊರೆದಿರುವ ಮಣೆಗಳು ಸಾಕ್ಷಿ ಒದಗಿಸುತ್ತವೆ. ಮೈಸೂರು ಅರಸರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ವಿಶೇಷ ಆಸಕ್ತಿಯಿದ್ದವರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿ ಆಟಗಳನ್ನೇ ಕುರಿತದ್ದು. ಅರಮನೆಯ ಆಟಗಳಿಗೆ ಗ್ರಂಥದ ಆಶ್ರಯ ಸಿಕ್ಕಿತು. ಜಗಲಿಯ ಚೌಕಾಬಾರವಾದರೋ ಅಜ್ಜಿಯಿಂದ ಮೊಮ್ಮಗಳಿಗೆ ಬಾಯಿಮಾತಿನಲ್ಲಿಯೇ ದಾಟಿ ಬಂದಿತು.

ಮೊಬೈಲಿಗೆ ಬಂದ ಬಗೆ

ಲೂಡೊ ಪರದೇಶದ ಆಟವೆಂಬ ಭಾವನೆ ಪೂರ್ತಿ ಸರಿಯಲ್ಲ. ಭಾರತದ ಪಚ್ಚೀಸಿಯನ್ನು ಸರಳಗೊಳಿಸಿ, ಕವಡೆಯ ಬದಲು ಆರು ಮುಖದ ದಾಳವನ್ನಿಟ್ಟು, 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪಿಸಿದ ಆಟ ಅದು. ನವಿ ಮುಂಬಯಿಯ ಗೇಮ್‌ಷನ್ ಸಂಸ್ಥೆ 2016ರಲ್ಲಿ ‘ಲೂಡೊ ಕಿಂಗ್’ ಎಂಬ ಆ್ಯಪ್ ಹೊರತಂದಿತು. 2020ರ ಮಾರ್ಚ್ 25ರಿಂದ ಜಾರಿಗೆ ಬಂದ ಕೊರೊನಾ ಲಾಕ್‌ಡೌನ್‌ನಲ್ಲಿ, ಶಾಲೆ ಕಾಲೇಜುಗಳು ಮುಚ್ಚಿ ಊರೂರಿನ ಬಸ್ಸು ನಿಂತಿದ್ದಾಗ, ಇಂತಹ ಆ್ಯಪ್‌ಗಳ ಬಳಕೆ ದೇಶದಾದ್ಯಂತ ಏರಿತು. ಆಡುತ್ತಲೇ ಮಾತನಾಡುವ ಸೌಲಭ್ಯವನ್ನು ಲೂಡೊ ಕಿಂಗ್ ಅದೇ ವರ್ಷ ಸೇರಿಸಿತು.

ಪರಿಚಿತರೊಡನೆ ಆಡಲು ಸಾಮಾನ್ಯವಾಗಿ ಮೂರು ದಾರಿಗಳಿವೆ. ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸುವುದು ಅತ್ಯಂತ ಸರಳ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಟ್ಯಾಬ್ಲೆಟ್ ಆದರೆ ಅದನ್ನು ಚಾಪೆಯ ನಡುವೆ ಮಲಗಿಸಿ ನಾಲ್ಕು ಕಡೆಯಿಂದ ಕೂರಬಹುದು. ಹುಲಿ-ಕುರಿಗೆ ಎದುರುಬದುರು ಕುಳಿತರೆ ಮಣೆಯ ಸೊಗಸು ಬಹಳಮಟ್ಟಿಗೆ ಮರಳಿ ಬರುತ್ತದೆ. ಎರಡನೆಯದು, ಒಬ್ಬರು ಆ್ಯಪ್‌ನಲ್ಲಿ ‘ಕೋಣೆ’ಯೊಂದನ್ನು ತೆರೆದು, ಅದರ ಸಂಕೇತಸಂಖ್ಯೆಯನ್ನು ವಾಟ್ಸ್ಆ್ಯಪ್‌ನಲ್ಲಿ ಉಳಿದವರಿಗೆ ಕಳುಹಿಸುವುದು. ಅರಕಲಗೂಡಿನಲ್ಲಿರುವ ಅಜ್ಜಿಯೂ ಬೆಂಗಳೂರಿನ ಹಾಸ್ಟೆಲಿನಲ್ಲಿರುವ ಮೊಮ್ಮಗಳೂ ಒಂದೇ ಮಣೆಗೆ ಬರುವುದು ಹೀಗೆ. ಮೂರನೆಯದು, ಪುರಸೊತ್ತಾದಾಗ ಒಂದೊಂದು ನಡೆ ನಡೆಸುವ ಅಂಚೆಯಾಟದ ಕ್ರಮ. ಚದುರಂಗಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. 2010ರಲ್ಲಿ ಫ್ರಾನ್ಸಿನ ತಂತ್ರಜ್ಞರೊಬ್ಬರು ಆರಂಭಿಸಿದ, ಜಾಹೀರಾತು ಶುಲ್ಕಗಳಿಲ್ಲದ ‘ಲಿಚೆಸ್’ ತಾಣದಲ್ಲಿ ಒಂದು ನಡೆಗೆ ಹಲವು ದಿನಗಳ ಗಡುವನ್ನು ಇಟ್ಟುಕೊಳ್ಳಬಹುದು.

ಚೌಕಾಬಾರ, ಹುಲಿ-ಕುರಿ, ಅಳಗುಳಿಮಣೆಗಳಿಗೂ ಆ್ಯಪ್‌ಗಳಿವೆ. ಹುಡುಕುವವರು ಕನ್ನಡದ ಹೆಸರಿನ ಜೊತೆಗೆ ತೆಲುಗು, ತಮಿಳು ಹೆಸರುಗಳನ್ನೂ ಹಾಕಿ ನೋಡುವುದು ಒಳ್ಳೆಯದು. ಆಟ ಒಂದೇ ಆದರೂ ಅಂಗಡಿಯಲ್ಲಿ ಅದು ಬೇರೆ ಹೆಸರಿನ ಕೆಳಗೆ ಕುಳಿತಿರಬಹುದು.

ಕವಡೆಯ ಗರ ಮತ್ತು ಯಂತ್ರದ ಗರ

ನೆಲದ ಆಟದಲ್ಲಿ ಗರವನ್ನು ತೀರ್ಮಾನಿಸುವುದು ಕವಡೆ. ಪರದೆಯಲ್ಲಿ ತೀರ್ಮಾನಿಸುವುದು ಯಾದೃಚ್ಛಿಕ ಸಂಖ್ಯೆಯನ್ನು ಕೊಡುವ ಒಂದು ಕ್ರಮವಿಧಿ. ಲೂಡೊದ ದಾಳಕ್ಕೆ ಇದರಿಂದ ತೊಂದರೆಯಿಲ್ಲ. ಆರು ಮುಖಗಳಿಗೂ ಸಮಾನ ಅವಕಾಶ ಕೊಟ್ಟರೆ ಸಾಕು. ಕವಡೆಯ ಲೆಕ್ಕ ಬೇರೆ.

ಪ್ರತಿ ಕವಡೆಯೂ ಬಾಯಿ ಮೇಲಾಗಿ ಅಥವಾ ಕೆಳಗಾಗಿ ಬೀಳುವ ಸಾಧ್ಯತೆ ಸಮಾನವೆಂದು ಇಟ್ಟುಕೊಂಡರೆ, ನಾಲ್ಕು ಕವಡೆಗಳು ಬೀಳುವ ಬಗೆಗಳು ಒಟ್ಟು 16. ಅವುಗಳಲ್ಲಿ ಒಂದು ಬೀಳುವುದು 4 ಬಗೆಯಲ್ಲಿ, ಎರಡು 6 ಬಗೆಯಲ್ಲಿ, ಮೂರು 4 ಬಗೆಯಲ್ಲಿ. ಚೌಕ ಒಂದೇ ಬಗೆಯಲ್ಲಿ, ಬಾರವೂ ಒಂದೇ ಬಗೆಯಲ್ಲಿ. ಅಂದರೆ ಇನ್ನೊಮ್ಮೆ ಹಾಕುವ ಅವಕಾಶ ಎಂಟು ಗರಗಳಲ್ಲಿ ಸರಾಸರಿ ಒಂದು ಸಲ ಮಾತ್ರ ಒದಗುತ್ತದೆ. ಬಾರ ಬಿದ್ದಾಗ ಮನೆಮಂದಿಯೆಲ್ಲ ಕೂಗುವುದು ಸುಮ್ಮನಲ್ಲ.

ಈಗ ಒಬ್ಬ ತಂತ್ರಾಂಶಕಾರ 1, 2, 3, 4, 8 ಎಂಬ ಐದು ಸಂಖ್ಯೆಗಳಲ್ಲಿ ಒಂದನ್ನು ಸಮಾನ ಅವಕಾಶದಿಂದ ಆರಿಸುವಂತೆ ಬರೆದನೆನ್ನಿ. ಬರೆಯುವವನಿಗೆ ಇದು ಸುಲಭ, ಆಡುವವರ ಕಣ್ಣಿಗೂ ತಟ್ಟನೆ ತಪ್ಪು ಕಾಣದು. ಆದರೆ ಚೌಕ ಅಥವಾ ಬಾರ ಬೀಳುವ ಸಾಧ್ಯತೆ ಶೇಕಡಾ 12.5 ಇದ್ದದ್ದು ಶೇಕಡಾ 40 ಆಗುತ್ತದೆ. ಒಂದು ಗರದ ಸರಾಸರಿ 2.5ರಿಂದ 3.6ಕ್ಕೆ ಏರುತ್ತದೆ. ಚೌಕ ಬಾರಗಳಿಂದ ಸಿಗುವ ಮರುಹಾಕುಗಳನ್ನೂ ಸೇರಿಸಿದರೆ, ಒಂದು ಸರದಿಗೆ ಸರಾಸರಿ ಸುಮಾರು 2.9 ಮನೆ ನಡೆಯುತ್ತಿದ್ದ ಆಟಗಾರ 6 ಮನೆ ನಡೆಯುತ್ತಾನೆ. 24 ಹೆಜ್ಜೆಯ ದಾರಿಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಹಿಂದಿನಿಂದ ಅಟ್ಟಿಕೊಂಡು ಬರುವ ಕಾಯಿಗೆ ಎಷ್ಟು ಮನೆ ಅಂತರ ಕೊಟ್ಟರೆ ಕ್ಷೇಮ ಎಂಬ ಹಳಬರ ಅಂದಾಜು ಇಲ್ಲಿ ಕೆಲಸಕ್ಕೆ ಬಾರದು. ಹಿರಿಯರು ‘ಈ ಮೊಬೈಲಿನಲ್ಲಿ ಗರ ಸರಿಯಾಗಿ ಬೀಳುವುದಿಲ್ಲ’ ಎಂದರೆ ಅದನ್ನು ಸೋತವರ ನೆಪವೆಂದು ತಳ್ಳಿಹಾಕುವ ಮೊದಲು ಈ ಲೆಕ್ಕವನ್ನು ನೋಡಬೇಕು.

ಪರೀಕ್ಷಿಸುವುದು ಕಷ್ಟವಲ್ಲ. ಆ್ಯಪ್‌ನಲ್ಲಿ ನೂರು ಗರಗಳನ್ನು ಬರೆದುಕೊಂಡರೆ, ಕವಡೆಯ ಲೆಕ್ಕದಂತೆ ಚೌಕ ಬಾರಗಳು ಒಟ್ಟು ಹನ್ನೆರಡು ಹದಿಮೂರರ ಆಸುಪಾಸಿನಲ್ಲಿರಬೇಕು. ನಲವತ್ತರ ಹತ್ತಿರ ಬಂದರೆ ಅದು ಐದು ಸಂಖ್ಯೆಗಳ ಸಮಪಾಲಿನ ಆಟ. ಪ್ರೌಢಶಾಲೆಯಲ್ಲಿ ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ವಿರಳ. ನಿಜವಾದ ಕವಡೆಯೂ ಸರಿಯಾಗಿ ಅರ್ಧ ಅರ್ಧ ಬೀಳುವುದಿಲ್ಲವೆಂಬುದನ್ನು ಮರೆಯಬಾರದು. ಬೆನ್ನಿನ ಉಬ್ಬು, ಸವೆತ, ಹಾಕುವ ನೆಲ ಇವೆಲ್ಲ ಗರದ ಮೇಲೆ ಪರಿಣಾಮ ಬೀರುತ್ತವೆ. ಪ್ರತಿ ಮನೆಯ ಕವಡೆಗೂ ಅದರದೇ ಸ್ವಭಾವವಿರುತ್ತದೆ.

ಮನೆಪದ್ಧತಿಗಳು

ಚೌಕಾಬಾರಕ್ಕೆ ಎಲ್ಲರೂ ಒಪ್ಪಿದ ಒಂದೇ ನಿಯಮಾವಳಿ ಇಲ್ಲ. ಮೊದಲ ಕಾಯಿ ಹೊರಡಲು ಚೌಕವೋ ಬಾರವೋ ಬೀಳಲೇಬೇಕೆ, ಯಾವ ಗರಕ್ಕಾದರೂ ಹೊರಡಬಹುದೆ? ಸತತವಾಗಿ ಮೂರು ಸಲ ಬಿದ್ದರೆ ಅವು ವ್ಯರ್ಥವೆ? ಒಂದೇ ಮನೆಯಲ್ಲಿ ತನ್ನ ಎರಡು ಕಾಯಿ ಸೇರಿದರೆ ಅದು ‘ಗಟ್ಟಿ’ಯಾಗಿ ಒಂಟಿ ಕಾಯಿಗೆ ಅಡ್ಡ ನಿಲ್ಲುತ್ತದೆಯೆ? ಕಡಿದವರಿಗೆ ಇನ್ನೊಂದು ಹಾಕು ಉಂಟೆ? ಒಂದು ಊರಿನಲ್ಲಿಯೇ ಎರಡು ಬೀದಿಗಳ ಉತ್ತರ ಬೇರೆಯಾಗಿರಬಹುದು. ಬೇರೆ ಊರಿನ ಸೊಸೆ ಮನೆಗೆ ಬಂದಾಗ ಆಕೆಯ ತವರಿನ ಪದ್ಧತಿಯೂ ಜೊತೆಯಲ್ಲಿ ಬರುತ್ತದೆ. ಆದ್ದರಿಂದ ಆಟಕ್ಕೆ ಕೂರುವ ಮೊದಲು ‘ನಮ್ಮ ಕಡೆ ಹೀಗೆ, ನಿಮ್ಮ ಕಡೆ ಹೇಗೆ’ ಎಂದು ಮಾತನಾಡಿ ಒಪ್ಪಿಕೊಳ್ಳುವುದೇ ಕ್ರಮ. ಗೋಡೆಗೆ ಒರಗಿ ನಿಂತ ಕವಡೆಯನ್ನು ಬಾಯಿ ಮೇಲೆಂದು ಎಣಿಸಬೇಕೆ ಎಂಬ ಜಗಳಕ್ಕೆ ಹಿರಿಯರೊಬ್ಬರ ತೀರ್ಪೇ ಕೊನೆ.

ಆ್ಯಪ್ ಇದನ್ನೆಲ್ಲ ಮೊದಲೇ ತೀರ್ಮಾನಿಸಿ ಕೂತಿರುತ್ತದೆ. ಜಗಳ ಇಲ್ಲ, ಮೋಸಕ್ಕೂ ಎಡೆ ಕಡಿಮೆ, ಲೆಕ್ಕ ತಪ್ಪುವುದಿಲ್ಲ. ಚಿಕ್ಕ ಮಕ್ಕಳಿಗೂ ಕಣ್ಣು ಮಂಜಾದ ಹಿರಿಯರಿಗೂ ಇದು ಅನುಕೂಲವೇ. ಆದರೆ ಕೆಲವೇ ಆಯ್ಕೆಗಳಿರುವ ಆ್ಯಪ್‌ನಿಂದ ಆಟ ಕಲಿತ ಮಗುವಿಗೆ ಆ ಒಂದು ಪದ್ಧತಿಯೇ ಚೌಕಾಬಾರವೆಂದು ತೋರುತ್ತದೆ, ಅಜ್ಜಿಯ ಪದ್ಧತಿ ತಪ್ಪೆಂದೂ ಅನ್ನಿಸಬಹುದು. ಬರೆದಿಟ್ಟ ಆಧಾರವಿಲ್ಲದ ಆಟದಲ್ಲಿ ಈ ನಷ್ಟ ಬೇಗ ಆಗುತ್ತದೆ. ತಮ್ಮ ಮನೆಯ ಪದ್ಧತಿಯನ್ನು ಊರಿನ ಹೆಸರು, ಹೇಳಿಕೊಟ್ಟವರ ಊರು ಸಹಿತ ಒಂದು ಪುಟದಲ್ಲಿ ಬರೆದಿಡುವುದು ವಿದ್ಯಾರ್ಥಿಗಳಿಗೆ ಸಾಧ್ಯವಿರುವ ಕೆಲಸ. ಆಯ್ಕೆಗಳನ್ನು ಹೆಚ್ಚಿಸಿ ಆ್ಯಪ್ ರಚಿಸುವವರಿಗೂ ಅದು ಬೇಕಾಗುತ್ತದೆ.

ಸಂಪರ್ಕ ಕಡಿದಾಗ

ದೂರದ ಆಟದಲ್ಲಿ ನೆಟ್‌ವರ್ಕ್ ಹೋದವರ ಸರದಿಯನ್ನು ಹೆಚ್ಚಿನ ಆ್ಯಪ್‌ಗಳು ಗಡುವು ಮುಗಿದೊಡನೆ ದಾಟಿಸುತ್ತವೆ ಅಥವಾ ಯಂತ್ರವೇ ಅವರ ಪರವಾಗಿ ಆಡುತ್ತದೆ. ಇದು ಹಳ್ಳಿಗಳ ತೊಂದರೆ ಮಾತ್ರವಲ್ಲ. 2020ರ ಆಗಸ್ಟ್ 30ರಂದು ನಡೆದ ಆನ್‌ಲೈನ್ ಚೆಸ್ ಒಲಿಂಪಿಯಾಡ್ ಫೈನಲ್‌ನಲ್ಲಿ ಭಾರತದ ನಿಹಾಲ್ ಸರಿನ್ ಮತ್ತು ದಿವ್ಯಾ ದೇಶಮುಖ್ ಅವರ ಸಂಪರ್ಕ ಕಡಿದು ಸಮಯ ಮೀರಿತು. ಭಾರತ ಮೇಲ್ಮನವಿ ಸಲ್ಲಿಸಿದ ಬಳಿಕ ವಿಶ್ವ ಚೆಸ್ ಸಂಸ್ಥೆ ಫಿಡೆ ಭಾರತ ಮತ್ತು ರಷ್ಯಾಗಳೆರಡನ್ನೂ ವಿಜೇತರೆಂದು ಘೋಷಿಸಿತು. ಮನೆಯವರೊಳಗಿನ ಆಟದಲ್ಲಿ ಮೇಲ್ಮನವಿ ಇಲ್ಲದಿದ್ದರೂ, ಗಡುವಿಲ್ಲದ ಕ್ರಮವನ್ನು ಆರಿಸಿಕೊಂಡರೆ ಅರ್ಧ ತಕರಾರು ತಪ್ಪುತ್ತದೆ.

ಹಣ ಕಟ್ಟಿ ಆಡುವ ಆಟಗಳು

ಲೂಡೊ, ರಮ್ಮಿ ಮೊದಲಾದವುಗಳ ಹೆಸರಿನಲ್ಲಿ ಹಣ ಕಟ್ಟಿಸುವ ಆ್ಯಪ್‌ಗಳು ಬಂದುದು ಇದರ ಇನ್ನೊಂದು ಮುಖ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಿತು. ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರಾಜ್ಯ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೆ ಎಂಬುದು ವಾದದ ತಿರುಳಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ಅದೇ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಹಣ ಪಣವಿಡುವ ಆಟವನ್ನು ಒದಗಿಸುವುದು ಇದರ ಪ್ರಕಾರ ಅಪರಾಧ. ಒದಗಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆಡಿದವರಿಗೆ ಶಿಕ್ಷೆಯಿಲ್ಲ. ಹಣವಿಲ್ಲದೆ ಮನರಂಜನೆಗಾಗಿ ಆಡುವ ಆಟಗಳನ್ನು ಕಾಯ್ದೆ ಪ್ರತ್ಯೇಕವಾಗಿ ಗುರುತಿಸಿ ಅವಕಾಶ ಕೊಟ್ಟಿದೆ. ಮನೆಮಂದಿ ಕೋಣೆ ತೆರೆದು ಆಡುವ ಚೌಕಾಬಾರ ಈ ಗುಂಪಿಗೆ ಸೇರುತ್ತದೆ. ಮಕ್ಕಳ ಕೈಗೆ ಫೋನ್ ಕೊಡುವವರು ಅಪರಿಚಿತರೊಡನೆ ಜೋಡಿಸುವ ಆಯ್ಕೆಯನ್ನು ಬಿಟ್ಟು ಸಂಕೇತಸಂಖ್ಯೆಯ ಕೋಣೆಯನ್ನೇ ಬಳಸುವುದು, ಆಟದ ಹೆಸರಿನಲ್ಲಿ ಬ್ಯಾಂಕ್ ಅಥವಾ ಯುಪಿಐ ವಿವರ ಕೇಳುವ ಆ್ಯಪನ್ನು ತೆಗೆದುಹಾಕುವುದು ಕ್ಷೇಮ.