ಪೋಡಿ ಮತ್ತು ಬಡಾವಣೆ

ಒಂದೇ ಸರ್ವೆ ನಂಬರಿನ ಜಮೀನನ್ನು ಹಕ್ಕುದಾರರ ಸ್ವಾಧೀನಾನುಸಾರ ಅಳೆದು, ಪ್ರತ್ಯೇಕ ಹಿಸ್ಸೆಗಳನ್ನಾಗಿ ದಾಖಲಿಸುವ ಕಾರ್ಯಕ್ಕೆ ಕರ್ನಾಟಕದ ಕಂದಾಯ ವ್ಯವಹಾರದಲ್ಲಿ ಪೋಡಿ ಎಂದು ಹೆಸರು. 45ನೆಯ ನಂಬರಿನ ಹೊಲವು ಇಬ್ಬರು ಸಹೋದರರಲ್ಲಿ ಹಂಚಿಹೋದಾಗ, ಭೂಮಾಪಕನು ಅಳತೆ ನಡೆಸಿ ಬಾಂದುಕಲ್ಲುಗಳ ನೆಲೆಯನ್ನು ನಿಶ್ಚಯಿಸಿದ ತರುವಾಯ, ಪಹಣಿಯಲ್ಲಿ 45/1, 45/2 ಎಂಬ ಉಪಸಂಖ್ಯೆಗಳು ಮೂಡುವುವು. ಆದರೆ ಇಷ್ಟರಿಂದಲೇ ಕೃಷಿಭೂಮಿಯು ನಿವೇಶನವಾಗದು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದನ್ವಯ ಭೂಪರಿವರ್ತನೆಯನ್ನೂ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದನ್ವಯ ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆಯನ್ನೂ ಪಡೆಯತಕ್ಕದ್ದು. ಇಂಥ ಅನುಮೋದನೆಯಿಲ್ಲದೆ, ರಸ್ತೆ, ಚರಂಡಿ, ಉದ್ಯಾನಗಳಿಗೆ ಸ್ಥಳವಿರಿಸದೆ ಗುಂಟೆಯ ಲೆಕ್ಕದಲ್ಲಿ ಮಾರಲ್ಪಟ್ಟ ‘ರೆವಿನ್ಯೂ ಸೈಟು’ಗಳು ಸಣ್ಣ ಪಟ್ಟಣಗಳ ಅಂಚಿನಲ್ಲಿ ಕೊಂಡವರಿಗೂ ಪುರಸಭೆಗೂ ದೀರ್ಘಕ್ಲೇಶವನ್ನುಂಟುಮಾಡಿವೆ. ಒಮ್ಮೆ ತುಂಡಾದ ಭೂಮಿಯನ್ನು ಮರಳಿ ಒಗ್ಗೂಡಿಸಿ ಬೀದಿಗಳನ್ನು ರಚಿಸುವುದು ಅತಿದುಷ್ಕರವಾದುದರಿಂದ, ಯೋಜನೆಯು ವಿಭಜನೆಗೆ ಮೊದಲೇ ನಡೆಯತಕ್ಕದ್ದು.